ದಾವಣಗೆರೆ–ಚಿತ್ರದುರ್ಗದ ಗೂಡ್ಸ್ ಗಾಡಿಗಳಿಗೆ ತೂಕದ ಲೆಕ್ಕ: ಲೋಡ್ ಹಾಕುವ ಮೊದಲಿನಿಂದ ಟೋಲ್ ದಾಟುವವರೆಗೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳ ಬರತೊಡಗಿದರೆ ಪಿಕಪ್ ಗಾಡಿಗಳ ಸುತ್ತ ಕೇಳಿಬರುವ ಮಾತು ಒಂದೇ: "ಇನ್ನೂ ಜಾಗ ಇದೆಯಲ್ಲ, ಇನ್ನೆರಡು ಚೀಲ ಹಾಕಿ." ಗಾಡಿಯಲ್ಲಿ ಜಾಗ ಇರುವುದಕ್ಕೂ ಗಾಡಿ ಅಷ್ಟು ಹೊರಬಹುದು ಎನ್ನುವುದಕ್ಕೂ ಸಂಬಂಧವಿಲ್ಲ. ಚಳ್ಳಕೆರೆಯ ಶೇಂಗಾ, ಹಿರಿಯೂರಿನ ಈರುಳ್ಳಿ, ಚನ್ನಗಿರಿಯ ಅಡಿಕೆ, ಮನೆ ಕಟ್ಟುವವರ ಜಲ್ಲಿ, ಕಬ್ಬಿಣ, ಯಾವುದೇ ಇರಲಿ, ಸಣ್ಣ ಗೂಡ್ಸ್ ಗಾಡಿಯವರು ದಂಡ ಕಟ್ಟುವುದು ಹೆಚ್ಚಾಗಿ ಒಂದೆರಡು ಕ್ವಿಂಟಲ್‌ನ ತಪ್ಪು ಅಂದಾಜಿಗೆ. ದೊಡ್ಡ ಲಾರಿಯವರ ಹಾಗೆ ಟನ್‌ಗಟ್ಟಲೆ ಹೆಚ್ಚು ಹೇರುವ ದುರಾಸೆ ಇಲ್ಲಿ ಕಡಿಮೆ. ಅಂದಾಜು ಬಿಟ್ಟು ತೂಗಿಸಿದರೆ ಈ ಖರ್ಚಿನ ಬಹುಪಾಲು ತಪ್ಪುತ್ತದೆ. ಹೇಗೆ ಎನ್ನುವುದನ್ನು ಕೆಲಸ ನಡೆಯುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಆರ್‌ಸಿ (ಗಾಡಿಯ ನೋಂದಣಿ ಪತ್ರ) ತೆಗೆದು ನೋಡಿ

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಒಟ್ಟು ತೂಕ 7,500 ಕೆ.ಜಿ. ಮೀರದ ಸಾಗಣೆ ವಾಹನ ಲಘು ಮೋಟಾರು ವಾಹನ. ಟಾಟಾ ಏಸ್‌ನಿಂದ ಹಿಡಿದು ಬೊಲೆರೊ ಪಿಕಪ್, ದೋಸ್ತ್, 407ರವರೆಗೆ ನಮ್ಮ ಊರುಗಳಲ್ಲಿ ಓಡುವ ಬಹುತೇಕ ಗಾಡಿಗಳು ಈ ಮಿತಿಯೊಳಗೇ ಬರುತ್ತವೆ. ಕಾರಿನ ಲೈಸೆನ್ಸ್ ಇದ್ದವರು ಇವನ್ನು ಓಡಿಸಬಹುದೇ ಎಂಬ ಜಗಳ ವರ್ಷಗಟ್ಟಲೆ ನಡೆದಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಓಡಿಸಬಹುದು ಎಂದು ಅದನ್ನು ಮುಗಿಸಿತು. ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಕೂಡ ಬೇಕಿಲ್ಲ. ಪರ್ಮಿಟ್ ಬೇಡ ಎಂದರೆ ತೂಕದ ಕಾನೂನೂ ಅನ್ವಯಿಸುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ಸುಳ್ಳು, ತೂಕದ ಮಿತಿ ಎಲ್ಲ ಗಾಡಿಗೂ ಇದೆ.

ಆರ್‌ಸಿಯಲ್ಲಿ ನಿಮಗೆ ಬೇಕಾದವು ಎರಡು ಅಂಕಿ. ಒಂದು, ಖಾಲಿ ಗಾಡಿಯ ತೂಕ. ಇನ್ನೊಂದು, ಜಿವಿಡಬ್ಲ್ಯು ಎಂದು ಬರೆದಿರುವ ಒಟ್ಟು ತೂಕ, ಅಂದರೆ ಗಾಡಿ, ಸರಕು ಎಲ್ಲ ಸೇರಿ ರಸ್ತೆಯ ಮೇಲೆ ಇರಬಹುದಾದ ಗರಿಷ್ಠ ಭಾರ. ಕಾಯ್ದೆಯ 113ನೇ ಕಲಂ ಈ ಎರಡನ್ನೂ ಹಿಡಿಯುತ್ತದೆ. ಲೋಡ್ ಗಾಡಿ ಒಟ್ಟು ತೂಕ ಮೀರಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಖಾಲಿ ಗಾಡಿಯ ತೂಕವೂ ಆರ್‌ಸಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಬಾರದು ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಪಕ್ಕದ ಹಲಗೆಗಳ ಮೇಲೆ ಕಬ್ಬಿಣದ ಜಾಲರಿ ಎಬ್ಬಿಸುವುದು, ಅಡಿಗೆ ದಪ್ಪ ಶೀಟ್ ಹಾಸುವುದು, ಹಿಂದೆ ಕಮಾನು ಪಟ್ಟಿ ಹೆಚ್ಚು ಸೇರಿಸುವುದು, ಇವೆಲ್ಲ ಒಂದು ಚೀಲವನ್ನೂ ಹೇರುವ ಮೊದಲೇ ನಿಮ್ಮ ಮಿತಿಯನ್ನು ತಿನ್ನುತ್ತವೆ. ಪಟ್ಟಿ ಹಾಕಿಸಿದರೆ ಗಾಡಿ ಕುಗ್ಗುವುದಿಲ್ಲ, ನಿಜ. ಬ್ರೇಕು, ಟೈರು, ಆಕ್ಸಲ್ (ಎರಡು ಪಕ್ಕದ ಚಕ್ರಗಳನ್ನು ಜೋಡಿಸುವ ಅಡ್ಡದಂಡ) ಮಾತ್ರ ಕಾರ್ಖಾನೆಯಿಂದ ಬಂದವೇ ಆಗಿರುತ್ತವೆ, ಆರ್‌ಸಿಯ ಅಂಕಿಯೂ ಹಾಗೇ ಇರುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತ್ತಲ್ಲ, ಅದು ನಮಗೂ ಅನ್ವಯಿಸುತ್ತದೆಯೇ ಎಂದು ಕೇಳುವವರಿದ್ದಾರೆ. ಆ ಏರಿಕೆಯ ಲಾಭ ಸಿಕ್ಕಿದ್ದು ಭಾರಿ ಲಾರಿಗಳಿಗೆ. ನಿಮ್ಮ ಪಿಕಪ್‌ಗೆ ಆರ್‌ಸಿಯ ಅಂಕಿಯೇ ಕೊನೆಯ ಮಾತು.

ಖಾಲಿ ಗಾಡಿಯನ್ನು ನಿಜವಾಗಿ ತೂಗಿಸಿ

ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ, ಜನ ಬಿಟ್ಟುಬಿಡುವುದೂ ಇದನ್ನೇ. ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿ, ಸ್ಟೆಪ್ನಿ, ಜಾಕಿ, ಹಗ್ಗ, ತಾಡಪಾಲು ಎಲ್ಲವನ್ನೂ ಗಾಡಿಯಲ್ಲಿಟ್ಟು, ಚಾಲಕ ಮತ್ತು ಜೊತೆಗೆ ಹೋಗುವವರು ಕ್ಯಾಬಿನ್‌ನಲ್ಲಿ ಕೂತು ಒಮ್ಮೆ ವೇಬ್ರಿಡ್ಜ್ (ಇಡೀ ಗಾಡಿಯನ್ನು ತೂಗುವ ತಕ್ಕಡಿ) ಹತ್ತಿಸಿ. ಕಾನೂನಿನ ವ್ಯಾಖ್ಯೆಯಲ್ಲಿ ಖಾಲಿ ತೂಕ ಎಂದರೆ ಚಾಲಕನನ್ನೂ ಸಹಾಯಕನನ್ನೂ ಬಿಟ್ಟ ತೂಕ. ಲೋಡ್ ಗಾಡಿಯನ್ನು ತೂಗುವಾಗ ಕ್ಯಾಬಿನ್‌ನಲ್ಲಿ ಕೂತವರ ಭಾರವೂ ತಕ್ಕಡಿಗೆ ಬೀಳುತ್ತದೆ. ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಅವರು ಇರಲಿ.

ಒಂದು ಉದಾಹರಣೆ ಕೊಡುತ್ತೇನೆ, ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಆರ್‌ಸಿಯಲ್ಲಿ ಒಟ್ಟು ತೂಕ 2,990 ಕೆ.ಜಿ., ಖಾಲಿ ತೂಕ 1,690 ಕೆ.ಜಿ. ಎಂದಿದೆ. ಕಳೆದರೆ 1,300 ಕೆ.ಜಿ. ಉಳಿಯಿತು. 60 ಕೆ.ಜಿ.ಯ ಮೆಕ್ಕೆಜೋಳದ ಚೀಲವಾದರೆ 21 ಚೀಲ ಎಂದು ಚಾಲಕ ಹೇರಿಸುತ್ತಾನೆ. ನಿಜವಾಗಿ ತೂಗಿಸಿದರೆ ಜಾಲರಿ, ಶೀಟ್, ಡೀಸೆಲ್, ಇಬ್ಬರು ಆಳು ಸೇರಿ ಖಾಲಿ ಗಾಡಿಯೇ 1,910 ಕೆ.ಜಿ. ಇದೆ. ಉಳಿದದ್ದು 1,080 ಕೆ.ಜಿ., ಅಂದರೆ 18 ಚೀಲ. ಆ 21 ಚೀಲದ ಗಾಡಿ 3,170 ಕೆ.ಜಿ. ತೂಗುತ್ತದೆ, 180 ಕೆ.ಜಿ. ಹೆಚ್ಚು. ಆ ಮೂರು ಚೀಲದ ಬೆಲೆ ಎಷ್ಟು? 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಆ ಲೆಕ್ಕದಲ್ಲಿ 4,320 ರೂಪಾಯಿ. ಅದಕ್ಕೆ ಬೀಳಬಹುದಾದ ದಂಡದ ಮೊತ್ತ ಮುಂದೆ ಬರುತ್ತದೆ.

ಗಾಡಿಗೆ ಏನಾದರೂ ಹೊಸದಾಗಿ ಸೇರಿಸಿದಾಗಲೆಲ್ಲ ಮತ್ತೆ ಖಾಲಿ ತೂಕ ಮಾಡಿಸಿ. ಎರಡು ವರ್ಷದ ಹಿಂದಿನ ಚೀಟಿಯನ್ನು ನಂಬಿ ಕೂರಬೇಡಿ.

ವೇಬ್ರಿಡ್ಜ್ ಮೇಲೆ ಏನು ನೋಡಬೇಕು

ವೇಬ್ರಿಡ್ಜ್‌ನ ತೂಕವನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಬೇಕು, 12 ತಿಂಗಳಿಗೊಮ್ಮೆ ಅದು ಮತ್ತೆ ಆಗಬೇಕು. ಸತ್ಯಾಪನಾ ಪ್ರಮಾಣಪತ್ರವನ್ನು ಎದ್ದು ಕಾಣುವ ಕಡೆ ತೂಗುಹಾಕಿರಬೇಕು. ಗಾಜಿನ ಹಿಂದೆ ಧೂಳು ಹಿಡಿದಿದ್ದರೂ ಸರಿ, ಅದರ ಮೇಲಿನ ತಾರೀಖನ್ನು ಓದಿ. ಅವಧಿ ಮುಗಿದ ಕಡೆ ತೂಗಿಸಿದ ಚೀಟಿ ಜಗಳಕ್ಕೆ ಬಿದ್ದಾಗ ನಿಮ್ಮ ಪರ ನಿಲ್ಲುವುದಿಲ್ಲ.

ಗಾಡಿ ಹತ್ತುವ ಮೊದಲು ಪರದೆಯ ಮೇಲೆ ಸೊನ್ನೆ ಇದೆಯೇ ನೋಡಿ. ಹಿಂದಿನ ಲಾರಿಯಿಂದ ಉದುರಿದ ಜಲ್ಲಿ, ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಂಡು ಬಂದ ಎರೆಮಣ್ಣು ಪ್ಲಾಟ್‌ಫಾರಂ ಮೇಲೆ ಬಿದ್ದಿದ್ದರೆ ಸೊನ್ನೆ ಸೊನ್ನೆಯಾಗಿರುವುದಿಲ್ಲ. ಗುಂಡಿ ಒತ್ತಿ ಸೊನ್ನೆ ಮಾಡಲು ಹೇಳುವುದಕ್ಕೆ ಸಂಕೋಚ ಬೇಡ. ಆಮೇಲೆ ನಿಧಾನವಾಗಿ ಹತ್ತಿಸಿ, ಎಲ್ಲ ಚಕ್ರಗಳೂ ಒಳಗೆ ಬಂದಿವೆಯೇ ಖಚಿತ ಮಾಡಿಕೊಂಡು ಎಂಜಿನ್ ಆರಿಸಿ. ಯಾರೂ ಗಾಡಿಗೆ ಒರಗಿ ನಿಂತಿರಬಾರದು. ಅಂಕಿ ಕುಣಿಯುವುದು ನಿಂತ ಮೇಲೆಯೇ ಚೀಟಿ ಹೊಡೆಸಿ.

ಆಕ್ಸಲ್ ಭಾರ ತಿಳಿಯಬೇಕಾದರೆ ಮುಂದಿನ ಚಕ್ರಗಳನ್ನಷ್ಟೇ ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿ ಒಮ್ಮೆ, ಪೂರ್ತಿ ಗಾಡಿಯನ್ನು ಒಮ್ಮೆ ತೂಗಿಸಿ, ಕಳೆಯಿರಿ. ವೇಬ್ರಿಡ್ಜ್‌ಗೆ ಹತ್ತುವ ದಾರಿ ಸಮತಟ್ಟಾಗಿಲ್ಲದಿದ್ದರೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಒಟ್ಟು ತೂಕಕ್ಕೆ ಇಂಥ ಅರ್ಧ ತೂಕಗಳನ್ನು ಕೂಡಿಸುವ ಅಭ್ಯಾಸ ಬೇಡ.

ಇನ್ನೊಂದು ಸೂಕ್ಷ್ಮ. ಭಾರಿ ಲಾರಿಗಳಿಗೆಂದು ಮಾಡಿದ ವೇಬ್ರಿಡ್ಜ್‌ಗಳು ಸಾಮಾನ್ಯವಾಗಿ 5 ಅಥವಾ 10 ಕೆ.ಜಿ.ಗಳ ಹೆಜ್ಜೆಯಲ್ಲಿ ಅಂಕಿ ತೋರಿಸುತ್ತವೆ. 10 ಕೆ.ಜಿ. ಹೆಜ್ಜೆಯ ಯಂತ್ರದಲ್ಲಿ ಖಾಲಿ ತೂಕದಲ್ಲಿ 5, ಲೋಡ್ ತೂಕದಲ್ಲಿ 5 ಹೀಗೆ ನಿವ್ವಳದಲ್ಲಿ 10 ಕೆ.ಜಿ. ಆಚೀಚೆ ಆಗಬಹುದು. ಆದ್ದರಿಂದ ಮಿತಿಗೆ ಸರಿಯಾಗಿ ತಾಗಿಸಿ ಹೇರಬೇಡಿ, 50 ಕೆ.ಜಿ. ಕೆಳಗೇ ನಿಲ್ಲಿಸಿ. ಮೂರು ಕ್ವಿಂಟಲ್ ಅಡಿಕೆಯ ವ್ಯಾಪಾರವನ್ನು ಇಂಥ ವೇಬ್ರಿಡ್ಜ್‌ನ ಚೀಟಿಯ ಮೇಲೆ ಮಾಡುವವರನ್ನು ಕಂಡರೆ ನನಗೆ ಅಚ್ಚರಿ. ಅಡಿಕೆಯ ಬೆಲೆಗೆ ಹತ್ತು ಕೆ.ಜಿ. ಸಣ್ಣ ಮಾತಲ್ಲ.

ಯಾವ ಸರಕು ಎಷ್ಟು ತೂಗುತ್ತದೆ

ಮೆಕ್ಕೆಜೋಳದಲ್ಲಿ ಮೋಸ ಮಾಡುವುದು ತೇವ. ಹೊಲದಿಂದ ನೇರ ಬಂದ ಕಾಳು, ಒಣಗಿಸಿದ ಕಾಳು ಒಂದೇ ಚೀಲದಲ್ಲಿ ಬೇರೆ ಬೇರೆ ತೂಗುತ್ತವೆ. ಹಮಾಲರು ಕಣ್ಣಳತೆಯಲ್ಲಿ ತುಂಬಿದ ಚೀಲಗಳು 55ರಿಂದ 65 ಕೆ.ಜಿ.ಯವರೆಗೂ ಇರಬಹುದು. ಚೀಲ ಎಣಿಸಿ ತೂಕ ಹೇಳುವ ಮೊದಲು ಐದಾರು ಚೀಲಗಳನ್ನಾದರೂ ತಕ್ಕಡಿಗೆ ಹಾಕಿ ಸರಾಸರಿ ತೆಗೆಯಿರಿ. ಈರುಳ್ಳಿಗೂ ಇದೇ ಮಾತು. ಮಳೆಯಲ್ಲಿ ನೆನೆದ ಚೀಲ ಹೊರಟ ಊರಿನಲ್ಲಿ ಒಂದು ತೂಕ, ಬೆಂಗಳೂರಿನಲ್ಲಿ ಇನ್ನೊಂದು ತೂಕ.

ಮರಳು, ಜಲ್ಲಿ ಹೇರುವವರು ಘನ ಅಡಿಯಲ್ಲಿ ಮಾತಾಡುತ್ತಾರೆ. ಒಂದು ಘನ ಅಡಿ ಜಲ್ಲಿ ಸುಮಾರು 45 ಕೆ.ಜಿ., ಎಂ–ಸ್ಯಾಂಡ್ ಅದಕ್ಕಿಂತ ತುಸು ಹೆಚ್ಚು, ನೆನೆದರೆ ಇನ್ನೂ ಹೆಚ್ಚು. ಮೇಲಿನ ಉದಾಹರಣೆಯ ಗಾಡಿಗೆ 24 ಘನ ಅಡಿ ಜಲ್ಲಿಯೇ ಮಿತಿ. ತೊಟ್ಟಿಯಲ್ಲಿ ಅದು ನೆಲಕ್ಕೆ ಹರಡಿದಷ್ಟೇ ಕಾಣುತ್ತದೆ, ಅರ್ಧ ಗಾಡಿ ಖಾಲಿ ಎನಿಸುತ್ತದೆ. ಅಷ್ಟಕ್ಕೇ ನಿಲ್ಲಿಸುವುದೇ ಚಾಲಕನ ಗಟ್ಟಿತನ. ಜಲ್ಲಿ, ಮರಳಿಗೆ ಗಣಿ ಇಲಾಖೆಯ ಸಾಗಣೆ ಪರವಾನಗಿಯೂ ಬೇಕು. ಅದರಲ್ಲಿರುವ ತೂಕ ನಿಮ್ಮ ಚೀಟಿಗೆ ಹೊಂದಬೇಕು.

ಆರು ಇಂಚಿನ ಸಾಲಿಡ್ ಬ್ಲಾಕ್ ಒಂದಕ್ಕೆ 25 ಕೆ.ಜಿ. ಆಸುಪಾಸು. ಸಿಮೆಂಟ್ ಚೀಲ 50 ಕೆ.ಜಿ. ಕಬ್ಬಿಣದ ಸರಳಿಗೆ ಒಂದು ಸುಲಭದ ಸೂತ್ರವಿದೆ: ಮಿಲಿಮೀಟರ್‌ನಲ್ಲಿ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್‌ನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 12 ಮಿ.ಮೀ. ಸರಳು ಮೀಟರ್‌ಗೆ 0.89 ಕೆ.ಜಿ., 12 ಮೀಟರ್ ಉದ್ದದ ಒಂದು ಸರಳು 10.7 ಕೆ.ಜಿ. ಬೇಸಿಗೆಯಲ್ಲಿ ಚಿತ್ರದುರ್ಗದ ಹಳ್ಳಿಗಳಿಗೆ ನೀರು ಹೊರುವ ಗಾಡಿಗಳ ಲೆಕ್ಕ ಎಲ್ಲಕ್ಕಿಂತ ಸರಳ, ಲೀಟರ್‌ಗೆ ಒಂದು ಕೆ.ಜಿ. ಆದರೂ ಒಂದು ಟನ್ ಹೊರುವ ಗಾಡಿಯ ಮೇಲೆ 2,000 ಲೀಟರ್‌ನ ಸಿಂಟೆಕ್ಸ್ ಕಟ್ಟಿಕೊಂಡು ಓಡುವುದನ್ನು ಯಾರೂ ಓವರ್‌ಲೋಡ್ ಎಂದುಕೊಳ್ಳುವುದಿಲ್ಲ. ಅರ್ಧ ತುಂಬಿದ ಟ್ಯಾಂಕ್‌ನಲ್ಲಿ ನೀರು ತುಳುಕಾಡುವುದು ತಿರುವಿನಲ್ಲಿ ಇನ್ನೂ ಅಪಾಯ.

ಇದಕ್ಕೆ ತದ್ವಿರುದ್ಧ ದಾವಣಗೆರೆಯ ಮಂಡಕ್ಕಿ. ಭಟ್ಟಿಯಿಂದ ಹೊರಟ ಗಾಡಿಯಲ್ಲಿ ಚೀಲಗಳು ಕ್ಯಾಬಿನ್‌ನ ಎರಡರಷ್ಟು ಎತ್ತರಕ್ಕೆ ಏರಿ, ಎರಡೂ ಪಕ್ಕ ಹೊಟ್ಟೆ ಬಿಟ್ಟುಕೊಂಡಿರುತ್ತವೆ. ತೂಗಿಸಿದರೆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ಸರಕು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದರೆ ಅಥವಾ ಎತ್ತರದ ಮಿತಿ ಮೀರಿದರೆ 194ನೇ ಕಲಂನ 1ಎ ಉಪಕಲಂ ಅನ್ವಯಿಸುತ್ತದೆ. ಅದರ ದಂಡವೂ ಓವರ್‌ಲೋಡ್‌ನಷ್ಟೇ, 20,000 ರೂಪಾಯಿ. ವೇಬ್ರಿಡ್ಜ್‌ನ ಚೀಟಿ ಇಲ್ಲಿ ಕೆಲಸಕ್ಕೆ ಬಾರದು. ಗಾಡಿಯ ಹಿಂದೆ ಕೆಂಪು ಬಟ್ಟೆ ಕಟ್ಟಿ ಸರಳು ಚಾಚಿಕೊಂಡು ಹೋಗುವವರಿಗೂ ಇದೇ ಕಲಂ.

ಭಾರ ಎಲ್ಲಿ ಕೂರಬೇಕು

ಒಟ್ಟು ತೂಕ ಸರಿಯಿದ್ದರೂ ಹಿಂದಿನ ಆಕ್ಸಲ್ ಮೀರಿರಬಹುದು. ಅವಸರದಲ್ಲಿ ಹಿಂದಿನ ಬಾಗಿಲ ಬಳಿಯೇ ಚೀಲ ಒಟ್ಟಿದಾಗ ಹೀಗಾಗುತ್ತದೆ. ಹಿಂಚಕ್ರಕ್ಕಿಂತ ಹಿಂದೆ ಕೂತ ಭಾರ ಮುಂಭಾಗವನ್ನು ಎತ್ತುತ್ತದೆ, ಸ್ಟೇರಿಂಗ್ ಹಗುರವಾಗುತ್ತದೆ, ಮಳೆಯ ದಿನ ಗಾಡಿ ಹೇಳಿದ ಕಡೆ ತಿರುಗುವುದಿಲ್ಲ. ಭಾರದ ಸರಕು ಕ್ಯಾಬಿನ್ ಕಡೆಗೆ, ಕೆಳಗೆ, ನಡುವೆ; ಹಗುರದ್ದು ಹಿಂದೆ, ಮೇಲೆ. ಟೈರಿನ ಪಕ್ಕದಲ್ಲಿ ಅದು ಹೊರಬಹುದಾದ ಗರಿಷ್ಠ ಭಾರ ಅಚ್ಚಾಗಿರುತ್ತದೆ, ಹೊಸ ಟೈರ್ ಕೊಳ್ಳುವಾಗ ಅದನ್ನು ಹಳೆಯದಕ್ಕೆ ಹೋಲಿಸಿ.

ಚೀಲಗಳ ಮೇಲೆ ಕೂಲಿಯವರನ್ನು ಕೂರಿಸಬೇಡಿ. ಅವರ ತೂಕದ ಮಾತು ಹಾಗಿರಲಿ, ಗೂಡ್ಸ್ ಗಾಡಿಯಲ್ಲಿ ಜನರನ್ನು ಒಯ್ಯುವುದೇ ಲೈಸೆನ್ಸ್‌ಗೆ ಕುತ್ತು ತರುವ ತಪ್ಪು.

ಹೆದ್ದಾರಿಗೆ ಇಳಿದ ಮೇಲೆ

ಸಾಗುವ ಪ್ರತಿ ಗೂಡ್ಸ್ ಗಾಡಿಯೂ ನಿಂತು ತೂಗಿಸಿಕೊಂಡೇ ಮುಂದೆ ಹೋಗಬೇಕಾದ ಪ್ರತ್ಯೇಕ ತೂಕದ ಠಾಣೆಗಳು ನಮ್ಮ ಹೆದ್ದಾರಿಯಲ್ಲಿಲ್ಲ. ತೂಕ ಬಯಲಾಗುವುದು ಎರಡು ಕಡೆ: ಟೋಲ್‌ನಲ್ಲಿ, ಇಲ್ಲವೇ ಸಾರಿಗೆ ಅಧಿಕಾರಿಗಳು ತಡೆದಾಗ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನ ಕಡೆ ಹೊರಟವರಿಗೆ ಗುಯಿಲಾಳು, ಆಮೇಲೆ ಶಿರಾ ಬಳಿಯ ಕರ್ಜೀವನಹಳ್ಳಿ ಟೋಲ್‌ಗಳು ಸಿಗುತ್ತವೆ. ಚಿತ್ರದುರ್ಗ–ದಾವಣಗೆರೆ ನಡುವೆ ಹೆಬ್ಬಾಳು, ಹುಬ್ಬಳ್ಳಿ ಕಡೆಗೆ ಚಳಗೇರಿ.

ಟೋಲ್‌ಗಳಲ್ಲಿ ಗಾಡಿ ಚಲಿಸುವಾಗಲೇ ತೂಗುವ ಪಟ್ಟಿಯನ್ನು ಲೇನ್‌ನಲ್ಲಿ ಹೂತಿರುತ್ತಾರೆ. ಅದರ ಮೇಲೆ ಒಂದೇ ಸಮನಾದ ನಿಧಾನ ವೇಗದಲ್ಲಿ ಹಾಯಿರಿ. ಪಟ್ಟಿಯ ಮೇಲೇ ಬ್ರೇಕ್ ಒತ್ತಿದರೆ, ಎಕ್ಸಲರೇಟರ್ ಕೊಟ್ಟರೆ ಭಾರ ಮುಂದಕ್ಕೋ ಹಿಂದಕ್ಕೋ ಜಾರಿ ಆಕ್ಸಲ್‌ನ ಅಂಕಿ ತಪ್ಪು ಬರುತ್ತದೆ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗಬೇಡಿ. ಹೆಚ್ಚು ತೂಕ ಎಂದು ತೋರಿಸಿ, ನಿಮಗೆ ಒಪ್ಪಿಗೆಯಾಗದಿದ್ದರೆ, ಹೊರಟ ಊರಿನ ಚೀಟಿ ತೋರಿಸಿ ನಿಂತ ಗಾಡಿಯನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಮತ್ತೆ ತೂಗಲು ಕೇಳಿ. ಮೊಬೈಲ್‌ನಲ್ಲಿ ಚೀಟಿಯ ಫೋಟೊ ಇರಲಿ, ಬಿಸಿಲಿಗೆ ಈ ಕಾಗದದ ಅಚ್ಚು ಅಳಿಸುವುದು ಬೇಗ. ಟೋಲ್‌ನವರು ಅಧಿಕ ಭಾರಕ್ಕೆ ವಸೂಲಿ ಮಾಡುವುದು ಹೆಚ್ಚುವರಿ ಶುಲ್ಕ, ಮೋಟಾರು ವಾಹನ ಕಾಯ್ದೆಯ ದಂಡ ಬೇರೆ. ಒಂದನ್ನು ಕಟ್ಟಿದ್ದೇನೆ ಎಂದು ಇನ್ನೊಂದರಿಂದ ತಪ್ಪಿಸಿಕೊಳ್ಳಲಾಗದು.

ಅಧಿಕಾರಿ ಕೈ ತೋರಿಸಿದರೆ

ನಿಲ್ಲಿಸಿ. 114ನೇ ಕಲಂ ಪ್ರಕಾರ, ಗಾಡಿ ಮಿತಿ ಮೀರಿದೆ ಎಂದು ನಂಬಲು ಕಾರಣವಿದ್ದರೆ ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ಯಲು ಹೇಳಬಹುದು. ಆ ವೇಬ್ರಿಡ್ಜ್ ನೀವು ಮುಂದೆ ಹೋಗುವ ದಾರಿಯಿಂದ 10 ಕಿ.ಮೀ. ಒಳಗೆ ಅಥವಾ ನೀವು ತಲುಪಬೇಕಾದ ಊರಿನಿಂದ 20 ಕಿ.ಮೀ. ಒಳಗೆ ಇರಬೇಕು. ಕಣ್ಣಂದಾಜಿನಲ್ಲೇ ಇಷ್ಟು ಟನ್ ಹೆಚ್ಚು ಎಂದು ಚಲನ್ ಬರೆಯಲು ಹೊರಟರೆ, "ಸಾರ್, ದಯವಿಟ್ಟು ತೂಗಿಸಿ ನೋಡಿ, ನಾನೇ ಬರುತ್ತೇನೆ" ಎಂದು ಮರ್ಯಾದೆಯಿಂದ ಕೇಳಿ. ದನಿ ಏರಿಸಿದವರ ಕೆಲಸ ರಸ್ತೆ ಬದಿಯಲ್ಲಿ ಬೇಗ ಮುಗಿದದ್ದು ನಾನು ಕಂಡಿಲ್ಲ.

ಆರ್‌ಸಿ, ಎಫ್‌ಸಿ (ಗಾಡಿಯ ಸುಸ್ಥಿತಿ ಪತ್ರ), ವಿಮೆ, ಹೊಗೆ ತಪಾಸಣೆಯ ಪತ್ರ, ಲೈಸೆನ್ಸ್ ಡಿಜಿಲಾಕರ್‌ನಲ್ಲೋ ಎಂ–ಪರಿವಾಹನ್‌ನಲ್ಲೋ ಇದ್ದರೆ ಸಾಕು. ಇವುಗಳ ಜೊತೆ ತೂಕದ ಚೀಟಿ, ಸರಕಿನ ಬಿಲ್ಲು ತೋರಿಸಿ.

ತೂಕ ಹೆಚ್ಚಿದೆ ಎಂದಾದರೆ ಹೆಚ್ಚುವರಿಯನ್ನು ಇಳಿಸುವಂತೆ ಅಧಿಕಾರಿ ಲಿಖಿತ ಆದೇಶ ಕೊಡುತ್ತಾರೆ. ಇಳಿಸುವ ಖರ್ಚು, ಇಳಿಸಿದ ಸರಕಿನ ಹೊಣೆ ನಿಮ್ಮದೇ. ದಂಡ ಕಟ್ಟಿ ಅದೇ ಲೋಡ್‌ನಲ್ಲಿ ಮುಂದೆ ಹೋಗುವಂತಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಹೀಗಾಗಿ ಹೆದ್ದಾರಿಯ ಬದಿಯಲ್ಲಿ ಮೂರು ಚೀಲ ಜೋಳ ಕಾಯುತ್ತ ಕೂರಬೇಕಾಗಿ ಬರಬಹುದು. ದಾರಿಯುದ್ದಕ್ಕೂ ಕರೆದರೆ ಗಾಡಿ ತರುವ ಪರಿಚಯದವರ ನಂಬರ್ ಇಟ್ಟುಕೊಳ್ಳುವುದು ಈ ವೃತ್ತಿಯಲ್ಲಿ ವಿಮೆಯಷ್ಟೇ ಮುಖ್ಯ.

ತೂಗಿಸಲು ನಿರಾಕರಿಸುವುದು, ನಿಲ್ಲಿಸದೆ ಓಡುವುದು, ತೂಗುವ ಮೊದಲೇ ಹಳ್ಳಿ ದಾರಿಗೆ ತಿರುಗಿಸಿ ನಾಲ್ಕು ಚೀಲ ಇಳಿಸುವುದು, ಇವಕ್ಕೆ ದಂಡ 40,000 ರೂಪಾಯಿ. ತೂಗಿಸಿಕೊಂಡು ಸಿಕ್ಕಿಬಿದ್ದವರಿಗೆ 20,000, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಓಡಿಹೋಗುವುದು ಲೆಕ್ಕಕ್ಕೇ ಕೂಡುವುದಿಲ್ಲ.

ದಂಡದ ಲೆಕ್ಕ, ಆಮೇಲಿನ ಕೆಲಸ

ಈ ಮೊತ್ತಗಳು ಬಂದಿದ್ದು 2019ರ ತಿದ್ದುಪಡಿಯಿಂದ, ಆ ವರ್ಷದ ಸೆಪ್ಟೆಂಬರ್ 1ರಿಂದ. ಅದಕ್ಕೂ ಮೊದಲು ಮೂಲ ದಂಡ 2,000 ರೂಪಾಯಿ ಇತ್ತು. ಹೊಸ ಲೆಕ್ಕದಲ್ಲಿ ಸಣ್ಣ ಗಾಡಿಯವರಿಗೆ ಅನ್ಯಾಯವಾಗಿದೆ ಎಂಬುದು ನನ್ನ ಅಭಿಪ್ರಾಯ. 5 ಟನ್ ಹೆಚ್ಚು ಹೇರಿದ ಲಾರಿಗೆ ಬೀಳುವುದು 30,000, ಅಂದರೆ ಹೆಚ್ಚುವರಿ ಕೆ.ಜಿ.ಗೆ 6 ರೂಪಾಯಿ. ನಮ್ಮ ಉದಾಹರಣೆಯ ಪಿಕಪ್‌ಗೆ 180 ಕೆ.ಜಿ.ಗೆ 20,000, ಅಂದರೆ ಕೆ.ಜಿ.ಗೆ 111 ರೂಪಾಯಿ. ರಸ್ತೆಯನ್ನು ಹೆಚ್ಚು ಹಾಳು ಮಾಡುವುದು ಯಾರೆಂದು ಹೇಳಬೇಕಿಲ್ಲ. ಕಾನೂನು ಬದಲಾಗುವವರೆಗೆ ಸಣ್ಣ ಗಾಡಿಯವರೇ ತಕ್ಕಡಿಯನ್ನು ಹೆಚ್ಚು ನೆಚ್ಚಬೇಕು.

ದಂಡ ಚಾಲಕನೊಬ್ಬನಿಗೇ ಎಂದೂ ತಿಳಿಯಬೇಡಿ. ಓಡಿಸಿದವನ ಜೊತೆಗೆ, ಓಡಿಸಲು ಬಿಟ್ಟವರನ್ನೂ ಓಡಿಸುವಂತೆ ಮಾಡಿದವರನ್ನೂ 194ನೇ ಕಲಂ ಸೇರಿಸಿಯೇ ಹೇಳುತ್ತದೆ. ಬಾಡಿಗೆ ಮಾತಾಡುವಾಗಲೇ ಮಾಲೀಕರು, ವರ್ತಕರಿಗೆ ಕೆ.ಜಿ. ಲೆಕ್ಕದಲ್ಲಿ ಮಿತಿ ಹೇಳಿ, ಸಾಧ್ಯವಾದರೆ ಮೊಬೈಲ್‌ನಲ್ಲಿ ಬರಹದಲ್ಲೇ ಕಳುಹಿಸಿ. ಚಾಲಕನಿಗೆ ಇನ್ನೊಂದು ಏಟೂ ಇದೆ: ಅಧಿಕ ಭಾರಕ್ಕೆ ಲೈಸೆನ್ಸ್ ಅನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ಸುಪ್ರೀಂ ಕೋರ್ಟ್‌ನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಇ–ಚಲನ್ ಬಂದರೆ ಅದರಲ್ಲಿನ ಗಾಡಿ ಸಂಖ್ಯೆ, ಜಾಗ, ಸಮಯ, ತೂಕ, ಕಲಂ ಇಷ್ಟನ್ನೂ ನಿಮ್ಮ ಚೀಟಿಯ ಪಕ್ಕದಲ್ಲಿಟ್ಟು ಓದಿ. ಹೊಂದದಿದ್ದರೆ ಕಟ್ಟುವ ಮೊದಲೇ ತಕರಾರು ಹಾಕಿ. ಕಟ್ಟಿದ ಮೇಲೆ ಪ್ರಕರಣ ಮುಗಿದಂತೆ. ಕೆಎ–16 ಇರಲಿ, ಕೆಎ–17 ಇರಲಿ, ಬಾಕಿ ಬಿಟ್ಟ ಚಲನ್ ಎಫ್‌ಸಿ ಮಾಡಿಸಲು ಆರ್‌ಟಿಒ ಕಚೇರಿಗೆ ಹೋದ ದಿನ ಎದುರಿಗೆ ಬರುತ್ತದೆ. ಎರಡು ವೇಬ್ರಿಡ್ಜ್‌ಗಳ ನಡುವೆ ದೊಡ್ಡ ವ್ಯತ್ಯಾಸ ಬಂದಿದ್ದರೆ ಎರಡೂ ಚೀಟಿಗಳನ್ನು ಲಗತ್ತಿಸಿ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ, ಸ್ವೀಕೃತಿ ಪಡೆದು ಅದನ್ನು ತಕರಾರು ಅರ್ಜಿಯ ಜೊತೆ ಸೇರಿಸಿ.